ಟ್ರಂಕಿನಲ್ಲಿರುವ ಉಲ್ಲನ್ ಕೂಡ ಹಣವೇ



ಬಿಡುವಿದ್ದಾಗ ಹೆಣಿಗೆ ಹಾಕುವ ನಮಗೆಲ್ಲ ಒಂದು ಅಭ್ಯಾಸ ಉಂಟು. ಅರ್ಧ ಸ್ವೆಟರ್ ಕಡ್ಡಿಯಲ್ಲೇ ಇರುತ್ತದೆ, ಅಷ್ಟರಲ್ಲಿ ಹೊಸ ಉಲ್ಲನ್ ಮನೆಗೆ ಬರುತ್ತದೆ. ಕೈಯ ಕಾಸು ಟ್ರಂಕಿನಲ್ಲಿ ಕೂತುಬಿಡುತ್ತದೆ. ಹೊಸದು ತರುವ ಮೊದಲು ಇದ್ದದ್ದನ್ನು ನೋಡಿಕೊಳ್ಳುವ.

1. ಉಂಡೆಯ ಚೀಟಿ ಬಿಸಾಡಬೇಡಿ. ಅದರಲ್ಲಿ ಬಣ್ಣದ ನಂಬರಿನ ಜೊತೆ ಲಾಟ್ ನಂಬರೂ ಇರುತ್ತದೆ. ಒಂದೇ ಬಣ್ಣವಾದರೂ ಬೇರೆ ಲಾಟಿನ ನೂಲು ಸ್ವಲ್ಪ ಬೇರೆ ಕಾಣಬಹುದು. ಒಂದು ಸ್ವೆಟರಿಗೆ ಬೇಕಾದಷ್ಟನ್ನು ಒಂದೇ ಲಾಟಿನಲ್ಲಿ ತನ್ನಿ.

2. ಚೀಟಿ ಕಳೆದಿದೆಯೇ? ಸ್ಟೀಲ್ ತಟ್ಟೆಯಲ್ಲಿ ಚಿಕ್ಕ ತುಂಡು ನೂಲು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಗಂಟಾದರೆ ಅಕ್ರಿಲಿಕ್‌ನಂಥ ನೂಲು. ಉಣ್ಣೆಯನ್ನು ಬಿಸಿನೀರಿನಲ್ಲಿ ತಿಕ್ಕಿದರೆ ಕುಗ್ಗುತ್ತದೆ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ಆಗದು.

3. ಉಳಿದ ನೂಲು ಸಾಕಾಗುತ್ತದೋ? ಸಾದಾ ಹೆಣಿಗೆಯ ಒಂದು ಸಾಲಿಗೆ ಅದರ ಅಗಲದ ಸುಮಾರು 3 ಪಟ್ಟು ನೂಲು ಬೇಕು. ಕೊನೆಗೆ ಮುಚ್ಚುವ ಸಾಲಿಗೆ 4 ಪಟ್ಟು ಬಿಡಿ.

ಒಂದೇ ದಪ್ಪದ ತುಂಡು ಉಂಡೆಗಳು ಮಗುವಿನ ಪಟ್ಟೆ ಟೋಪಿಗೆ ಸಾಕು. ಕಡ್ಡಿಯಲ್ಲಿರುವ ಕೆಲಸ ಮುಗಿದ ಮೇಲೆ ಕಾಲುಚೀಲದ ಹಿಮ್ಮಡಿ ತಿರುಗಿಸುವುದನ್ನು ಕಲಿಯುವ. ಸಂಘದಲ್ಲಿ ಗೊತ್ತಿದ್ದವರು ಉಳಿದವರಿಗೆ ಹೇಳಿಕೊಡಿ.