ಜೋಳದ ಕಾಳಿಗಿಂತ ಸಣ್ಣ ಸ್ವಿಚ್ಚು

"ರೇಂಜ್ ಬರವಲ್ದು ನೋಡ್ರಿ." ಖಾನಾಪುರ ತಾಲ್ಲೂಕಿನ ಊರುಗಳಲ್ಲಿ ಇದು ಹಳೆಯ ದೂರು. ಬೆಳಗಾವಿಯ ಖಡೇಬಜಾರಿನಲ್ಲಿ ಪೂರ್ತಿ ಗೆರೆ ತೋರಿಸುವ ಫೋನು ನಂದಗಡ ದಾಟಿ ಕಾಡಿನ ಮಗ್ಗುಲಿಗೆ ಹೊರಳಿದರೆ ಒಂದೆರಡು ಗೆರೆಗೆ ಇಳಿದುಬಿಡಬಹುದು. ಭೀಮಗಡದ ಗುಡ್ಡಗಳ ಕಡೆ ಅದೂ ಇಲ್ಲ. ಬೈಗುಳ ಬೀಳುವುದು ಟವರಿನ ಮೇಲೆ, ಹೆಚ್ಚಿನ ಸಲ ಅದು ನ್ಯಾಯವೇ. ಆದರೆ ಅದೇ ಕಟ್ಟೆಯ ಮೇಲೆ, ಅದೇ ಕಂಪನಿಯ ಸಿಮ್ ಹಾಕಿಕೊಂಡ ಪಕ್ಕದವರು ಆರಾಮಾಗಿ ಮಾತಾಡುತ್ತಿದ್ದರೆ? ಆಗ ತಪ್ಪು ಫೋನಿನೊಳಗೆ ಇರುವ ಸಾಧ್ಯತೆಯೇ ಹೆಚ್ಚು.

ಅನುಮಾನ ಪಡಬೇಕಾದ ಭಾಗಗಳಲ್ಲಿ ಒಂದು, ಹೆಚ್ಚಿನವರು ಹೆಸರೂ ಕೇಳಿರದ ಆಂಟೆನಾ ಕನೆಕ್ಟರ್. ಬೋರ್ಡಿನ ಮೇಲೆ ರೇಡಿಯೊ ಸರ್ಕಿಟ್ಟಿಗೂ ಆಂಟೆನಾಕ್ಕೂ ನಡುವಿನ ದಾರಿಯಲ್ಲಿ ಇದು ಕೂತಿರುತ್ತದೆ. ಉದ್ದ ಅಗಲ ಎರಡು ಮೂರು ಮಿಲಿಮೀಟರ್, ಜೋಳದ ಕಾಳಿಗಿಂತ ಸಣ್ಣದು. ಹೊರಗಿನ ತಂತಿಯನ್ನು ಕೂಡಿಸುವ ಕನೆಕ್ಟರೂ ಇದೇ, ಒಳಗಿನ ದಾರಿಯನ್ನು ಕಡಿಯುವ ಸ್ವಿಚ್ಚೂ ಇದೇ.

ಒತ್ತಿದರೆ ಬಿಡುವ, ತೆಗೆದರೆ ಕೂಡುವ ಪಟ್ಟಿ

ಒಂದೇ ತೂತಿನಿಂದ ಎರಡು ಕೆಲಸ ಮಾಡಿಸುವ ಉಪಾಯ ಹೊಸದಲ್ಲ. ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗೆ ಇಯರ್‌ಫೋನ್ ಪಿನ್ನು ಚುಚ್ಚಿದ ಕೂಡಲೇ ಸ್ಪೀಕರ್ ಸುಮ್ಮನಾಗುತ್ತಿತ್ತು. ಪಿನ್ನು ಒಳಗಿನ ಲೋಹದ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿ ಸ್ಪೀಕರಿನ ದಾರಿ ಕಡಿಯುತ್ತಿತ್ತು, ತನ್ನ ಕಡೆಗೆ ದಾರಿ ತೆರೆಯುತ್ತಿತ್ತು. 1878ರಲ್ಲಿ ಅಮೆರಿಕದ ನ್ಯೂಹೇವನ್‌ನಲ್ಲಿ ಮೊದಲ ವಾಣಿಜ್ಯ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾದ ಮೇಲೆ, ಆಪರೇಟರುಗಳು ಕೈಯಿಂದ ಸಾಲುಗಳನ್ನು ಜೋಡಿಸುತ್ತಿದ್ದ ಕಾಲದಲ್ಲಿ ಬೆಳೆದು ಬಂದ ವಿದ್ಯೆ ಇದು.

ಫೋನಿನ ಕನೆಕ್ಟರಿನಲ್ಲೂ ಇರುವುದು ಅದೇ ತತ್ವ. ಚೌಕದ ಲೋಹದ ಕವಚ, ನಡುವೆ ಒಂದು ತೂತು. ತೂತಿನ ಕೆಳಗೆ ತೆಳುವಾದ ಸ್ಪ್ರಿಂಗ್ ಪಟ್ಟಿ. ಮಾಮೂಲು ಹೊತ್ತಿನಲ್ಲಿ ಈ ಪಟ್ಟಿ ಇನ್ನೊಂದು ಸಂಪರ್ಕಬಿಂದುವಿಗೆ ಒತ್ತಿ ಕೂತಿರುತ್ತದೆ, ಸಿಗ್ನಲ್ ಆಂಟೆನಾದ ಕಡೆಗೆ ಹರಿಯುತ್ತದೆ. ಪರೀಕ್ಷಕರು ಸೂಜಿಯಂಥ ಪ್ರೋಬ್ ತೂರಿಸಿದರೆ ಪಟ್ಟಿ ಕೆಳಗೆ ಬಾಗಿ ಆಂಟೆನಾದಿಂದ ಬಿಟ್ಟುಕೊಳ್ಳುತ್ತದೆ. ಸಿಗ್ನಲ್ ಪ್ರೋಬಿನೊಳಗೆ ಹೋಗುತ್ತದೆ, ಪ್ರೋಬಿನ ಹೊರ ಕವಚ ಗ್ರೌಂಡಿಗೆ ತಾಗುತ್ತದೆ. ಪ್ರೋಬ್ ತೆಗೆದರೆ ಪಟ್ಟಿ ತಾನಾಗಿ ಮೇಲೆದ್ದು ಮೊದಲಿನ ಜಾಗಕ್ಕೆ ಕೂರುತ್ತದೆ. ಇದಕ್ಕೆ ಕರೆಂಟ್ ಬೇಡ, ಸಾಫ್ಟ್‌ವೇರ್ ಬೇಡ. ಜಪಾನಿನ ಮುರಾಟಾ, ಹಿರೋಸೆ ಕಂಪನಿಗಳು ಇಂಥ ಕನೆಕ್ಟರುಗಳಿಗೆ ಹೆಸರಾಗಿವೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಕೊಳ್ಳಬೇಕು. ರಿಪೇರಿ ಅಂಗಡಿಗಳಲ್ಲಿ "ಆಂಟೆನಾ ಸ್ವಿಚ್" ಅಂದರೆ ಬಹಳ ಸಲ ಬೇರೆಯೇ ಒಂದು ಐಸಿ. 2ಜಿ, 4ಜಿ, ಬೇರೆ ಬೇರೆ ಬ್ಯಾಂಡುಗಳ ನಡುವೆ ಆಂಟೆನಾವನ್ನು ಕ್ಷಣಕ್ಷಣಕ್ಕೂ ಬದಲಿಸಿಕೊಡುವ ಸೆಮಿಕಂಡಕ್ಟರ್ ಸ್ವಿಚ್ ಅದು. ಇಲ್ಲಿ ಹೇಳುತ್ತಿರುವುದು ಪ್ರೋಬಿನ ಒತ್ತಡಕ್ಕೆ ಮಾತ್ರ ಅಲುಗುವ ಲೋಹದ ಸ್ವಿಚ್.

ಕಾರ್ಖಾನೆಗೆ ಇದು ಯಾಕೆ ಬೇಕು?

ಒಂದೇ ಮಾದರಿಯ ಎರಡು ಫೋನುಗಳ ರೇಡಿಯೊ ಚಿಪ್ಪುಗಳು ನೂರಕ್ಕೆ ನೂರು ಒಂದೇ ಥರ ಇರುವುದಿಲ್ಲ. ಒಂದು ತುಸು ಜೋರಾಗಿ ಪ್ರಸಾರ ಮಾಡುತ್ತದೆ, ಇನ್ನೊಂದು ತುಸು ಮೆಲ್ಲಗೆ. ಆದ್ದರಿಂದ ಕಾರ್ಖಾನೆಯಲ್ಲಿ ಪ್ರತಿಯೊಂದು ಬೋರ್ಡನ್ನೂ ಅಳೆಯಬೇಕು. ಯಾವ ಬ್ಯಾಂಡಿನಲ್ಲಿ ಎಷ್ಟು ಶಕ್ತಿ ಹೊರಡುತ್ತಿದೆ, ಎಷ್ಟು ಕ್ಷೀಣ ಸಿಗ್ನಲನ್ನು ಹಿಡಿಯಬಲ್ಲದು ಎಂದು ನೋಡಿ, ತಿದ್ದುಪಡಿಯ ಅಂಕಿಗಳನ್ನು ಆ ಫೋನಿನ ಮೆಮರಿಯಲ್ಲೇ ಬರೆದಿಡುತ್ತಾರೆ. ಇದಕ್ಕೆ ಕ್ಯಾಲಿಬ್ರೇಶನ್ ಎಂದು ಹೆಸರು.

ಅಳೆಯುವಾಗ ಆಂಟೆನಾ ಕೂಡಿಯೇ ಇದ್ದರೆ ಲೆಕ್ಕ ಕೆಡುತ್ತದೆ. ಫೋನಿನ ರೇಡಿಯೊ ದಾರಿಗಳನ್ನೆಲ್ಲ 50 ಓಮ್‌ಗೆ ಹೊಂದುವಂತೆ ಕಟ್ಟಿರುತ್ತಾರೆ. ಅಳತೆಯ ಯಂತ್ರವೂ 50 ಓಮ್, ಆಂಟೆನಾವೂ ಹೆಚ್ಚುಕಡಿಮೆ 50 ಓಮ್. ಎರಡನ್ನೂ ಒಟ್ಟಿಗೆ ಸಮಾಂತರವಾಗಿ ಕೂಡಿಸಿದರೆ ಸಿಗುವುದು 25 ಓಮ್. ಆಗ ಸಿಗ್ನಲಿನ ಒಂದು ಪಾಲು ವಾಪಸು ಬಡಿಯುತ್ತದೆ, ಒಂದು ಪಾಲು ಆಂಟೆನಾದಿಂದ ಗಾಳಿಗೆ ಹೋಗುತ್ತದೆ. ಸಾಲದ್ದಕ್ಕೆ ಪಕ್ಕದ ಬೆಂಚಿನ ಫೋನುಗಳ ಗದ್ದಲವೂ ಒಳಗೆ ನುಗ್ಗುತ್ತದೆ. ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಕಂಪನಿ ಕಟ್ಟಿದ, 2023ರಲ್ಲಿ ಟಾಟಾ ಸಮೂಹ ಕೊಂಡುಕೊಂಡ ಘಟಕದಂಥ ದೊಡ್ಡ ಕಾರ್ಖಾನೆಗಳಲ್ಲಿ ಫೋನುಗಳು ಸಾಲುಗಟ್ಟಿ ಪರೀಕ್ಷೆಗೆ ಬರುತ್ತವೆ. ಅಲ್ಲಿ ಒಂದೊಂದರ ಆಂಟೆನಾವನ್ನು ಬಿಚ್ಚಿ ಮತ್ತೆ ಜೋಡಿಸುತ್ತ ಕೂರಲು ಬಿಡುವೆಲ್ಲಿ? ಚುಚ್ಚಿದರೆ ಆಂಟೆನಾ ಬಿಡುವ, ತೆಗೆದರೆ ಕೂಡುವ ಸ್ವಿಚ್ಚು ಅಲ್ಲಿ ಕೆಲಸಕ್ಕೆ ಬರುತ್ತದೆ.

ಹೊರಗಿನ ಆಂಟೆನಾದ ಕಾಲ

ದೂರಸಂಪರ್ಕದ ಚರಿತ್ರೆಯಲ್ಲಿ ಬೆಳಗಾವಿ ಸೀಮೆಗೆ ಒಂದು ಗೌರವದ ಜಾಗವಿದೆ. ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ ಯಾವ ಕಿತ್ತೂರಿಗಾಗಿ ಹೋರಾಡಿದನೋ, ಅದೇ ಕಿತ್ತೂರಿನಲ್ಲಿ 1986ರ ಜುಲೈನಲ್ಲಿ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಸ್ಥೆಯ ಮೊದಲ 128 ಪೋರ್ಟಿನ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿತು. ಏರ್‌ಕಂಡಿಶನ್ ಇಲ್ಲದೆ ಹಳ್ಳಿಯ ಸೆಕೆ, ದೂಳು ತಾಳಿಕೊಳ್ಳುವಂತೆ ಭಾರತದಲ್ಲೇ ರೂಪಿಸಿದ ಯಂತ್ರ ಅದು.

ಮುಂದೆ ತಂತಿ ಎಳೆಯುವುದು ಕಷ್ಟವಾದ ಮಲೆನಾಡಿನ ಮನೆಗಳಿಗೆ ಬಿಎಸ್‌ಎನ್‌ಎಲ್‌ನ ಡಬ್ಲ್ಯುಎಲ್‌ಎಲ್ ಫೋನು ಬಂತು. ನೋಡಲು ಲ್ಯಾಂಡ್‌ಲೈನ್, ಒಳಗೆ ಸಿಡಿಎಂಎ ರೇಡಿಯೊ. ಸಿಗ್ನಲ್ ಸಾಲದ ಕಡೆ ಫೋನಿನ ಕಡ್ಡಿ ಆಂಟೆನಾ ತಿರುಗಿಸಿ ತೆಗೆದು, ಅದೇ ಜಾಗಕ್ಕೆ ಕೇಬಲ್ ಕೂಡಿಸಿ, ಎತ್ತರದ ಗಳದ ಮೇಲೆ ಯಾಗಿ ಆಂಟೆನಾ ಕಟ್ಟುತ್ತಿದ್ದರು. ಸ್ವಿಚ್ಚಿನ ಕೆಲಸವನ್ನು ಅಲ್ಲಿ ಮನುಷ್ಯನ ಕೈಯೇ ಮಾಡುತ್ತಿತ್ತು. 1998ರ ಹೊತ್ತಿನ ನೋಕಿಯಾ 6110ರಂಥ ಮೊಬೈಲುಗಳ ಬೆನ್ನಿನಲ್ಲೂ ಹೊರ ಆಂಟೆನಾಕ್ಕೆಂದೇ ಒಂದು ತೂತು ಇರುತ್ತಿತ್ತು. ಕಾರಿನ ಸ್ಟ್ಯಾಂಡಿಗೆ ಕೂರಿಸಿದರೆ ಕಾರಿನ ಆಂಟೆನಾ ಕೂಡಿಕೊಳ್ಳುತ್ತಿತ್ತು.

ಈಗಿನ ಫೋನಿನಲ್ಲಿ ಆ ತೂತು ಕಾಣೆಯಾಗಿದೆ. ಆಗ ಇದ್ದದ್ದು ಒಂದು ಆಂಟೆನಾ, ಈಗ ನಾಲ್ಕೋ ಅದಕ್ಕಿಂತ ಹೆಚ್ಚೋ. 700 ಮೆಗಾಹರ್ಟ್ಸ್‌ನಿಂದ 5ಜಿಯ 3500 ಮೆಗಾಹರ್ಟ್ಸ್‌ವರೆಗೆ ಎಲ್ಲವನ್ನೂ ಹಿಡಿಯಬೇಕು, ಜೊತೆಗೆ ನೀರು ಒಳಗೆ ಹೋಗಬಾರದು. ಹಾಗಾಗಿ ಕನೆಕ್ಟರ್ ಹೊರಗಿನಿಂದ ಮರೆಯಾಗಿ, ಹಿಂಬದಿಯ ಮುಚ್ಚಳದ ಕೆಳಗೆ ಪರೀಕ್ಷೆಗಷ್ಟೇ ಉಳಿದುಕೊಂಡಿತು. ಕೆಲವು ಹೊಸ ಮಾದರಿಗಳಲ್ಲಿ ಅದನ್ನೂ ಬಿಟ್ಟು, ಬೋರ್ಡಿನ ಮೇಲಿನ ಲೋಹದ ಚುಕ್ಕೆಗಳಿಗೇ ಸ್ಪ್ರಿಂಗ್ ಪಿನ್ನು ತಾಗಿಸಿ ಅಳೆಯುತ್ತಾರೆ.

ಪೇಟೆಯಲ್ಲಿ ಕಾಣದ ಕೊರತೆ

ಚೊಕ್ಕವಾಗಿದ್ದಾಗ ಈ ಸ್ವಿಚ್ಚು ನುಂಗುವ ಸಿಗ್ನಲ್ ಅತ್ಯಲ್ಪ. ಆದರೆ ಅದು ದಾರಿಯ ಮಧ್ಯೆಯೇ ಇದೆ. ಹೊರಡುವ ಮಾತೂ ಒಳಬರುವ ಮಾತೂ ಅದರ ಮೂಲಕವೇ ಹಾಯಬೇಕು. ಫೋನು ಕೈತಪ್ಪಿ ಬಿದ್ದು ಅದರ ಸೋಲ್ಡರ್ ಬಿರಿಯಬಹುದು, ಮಳೆನೀರು ಇಳಿದು ಸ್ಪ್ರಿಂಗ್ ಪಟ್ಟಿಗೆ ಕಿಲುಬು ಹಿಡಿಯಬಹುದು. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಇದೇ ಖಾನಾಪುರ ತಾಲ್ಲೂಕಿನಲ್ಲಿ. ಇದೇ ತಾಲ್ಲೂಕಿನ ಆಮಗಾಂವದಲ್ಲಿ 2010ರಲ್ಲಿ ವರ್ಷದ ಮಳೆ 10,000 ಮಿಲಿಮೀಟರ್ ದಾಟಿತ್ತು. ಇಂಥ ಕಡೆ ಕಿಸೆಯಲ್ಲಿದ್ದ ಫೋನಿಗೂ ತೇವ ತಪ್ಪಿದ್ದಲ್ಲ.

ಕೆಟ್ಟ ಕನೆಕ್ಟರು 10 ಡೆಸಿಬೆಲ್ ನುಂಗಿತು ಎಂದಿಟ್ಟುಕೊಳ್ಳಿ. ಅಂದರೆ ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ ಉಳಿಯಿತು. ಬೆಳಗಾವಿಯ ಟವರಿನ ಬುಡದಲ್ಲಿ ಸಿಗ್ನಲಿನ ಬಲ ಮೈನಸ್ 80 ಡಿಬಿಎಂ ಇದ್ದರೆ ಅದು ಮೈನಸ್ 90ಕ್ಕೆ ಇಳಿಯುತ್ತದೆ, ಮಾತಿಗೆ ಏನೂ ತೊಂದರೆಯಿಲ್ಲ, ಕೊರತೆ ಗೊತ್ತೂ ಆಗುವುದಿಲ್ಲ. ಕಾಡಂಚಿನಲ್ಲಿ ಸಿಗುವುದೇ ಮೈನಸ್ 112 ಆಗಿದ್ದರೆ? ಅದು ಮೈನಸ್ 122 ಆಗುತ್ತದೆ, ಕರೆ ಕಡಿಯುತ್ತದೆ. ಊರಲ್ಲಿ ಸತ್ತ ಫೋನು ಪೇಟೆಯ ಅಂಗಡಿಯ ಕೌಂಟರ್ ಮೇಲೆ ಜೀವ ಪಡೆಯುವುದಕ್ಕೆ ಇದೂ ಒಂದು ಕಾರಣ. ಟವರ್ ದೂರವಾದಷ್ಟೂ ಫೋನು ತನ್ನ ಪ್ರಸಾರ ಶಕ್ತಿಯನ್ನು ಏರಿಸುತ್ತ ಹೋಗುತ್ತದೆ. 4ಜಿಯಲ್ಲಿ ಸಾಮಾನ್ಯ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವಾಟ್. ಕನೆಕ್ಟರು ನುಂಗಿದ್ದನ್ನು ತುಂಬಿಕೊಡಲು ಫೋನು ಸದಾ ಆ ಮಟ್ಟದಲ್ಲೇ ದುಡಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ಅನುಭವಿ ರಿಪೇರಿಯವರು ಮೊದಲು ಬೋರ್ಡನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಣದಲ್ಲಿ ತೊಳೆಯುತ್ತಾರೆ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಕನೆಕ್ಟರಿನ ಒಳಬದಿ, ಹೊರಬದಿ ಕೂಡಿವೆಯೇ ಎಂದು ನೋಡುತ್ತಾರೆ. ಕೂಡಿರದಿದ್ದರೆ ಹೊಸದನ್ನು ಕೂರಿಸುವುದು ಸರಿಯಾದ ದಾರಿ. ಕನೆಕ್ಟರ್ ಸಿಗದಾಗ ಅದನ್ನು ಕಿತ್ತು, ಕೂದಲೆಳೆಯ ತಾಮ್ರದ ತಂತಿಯಿಂದ ಎರಡೂ ಬದಿಯನ್ನು ಸೇರಿಸುವುದುಂಟು. ಅದಕ್ಕೆ ಜಂಪರ್ ಎನ್ನುತ್ತಾರೆ. ತಂತಿ ತೀರ ಗಿಡ್ಡವಾಗಿದ್ದರೆ ಇದು ನಡೆಯುತ್ತದೆ. ಉದ್ದ ಬಿಟ್ಟರೆ 50 ಓಮ್‌ನ ಹೊಂದಿಕೆ ತಪ್ಪಿ, ಮೇಲಿನ ಬ್ಯಾಂಡುಗಳಲ್ಲಿ ಸಿಗ್ನಲ್ ಸೋರಿಹೋಗುತ್ತದೆ.

ಇದೇ ತೂತಿಗೆ ಹೊರಗಿನ ಆಂಟೆನಾ ಸಿಕ್ಕಿಸಿ ರೇಂಜ್ ಹೆಚ್ಚಿಸುವ ಆಸೆ ಕೆಲವರಿಗೆ ಹುಟ್ಟುತ್ತದೆ. ಅದು ಬೇಡ. ಈ ಸ್ವಿಚ್ಚುಗಳನ್ನು ಮಾಡಿರುವುದು ಕಾರ್ಖಾನೆಯಲ್ಲಿ, ಸರ್ವಿಸ್ ಸೆಂಟರಿನಲ್ಲಿ ಕೆಲವು ಸಲ ಚುಚ್ಚಿ ತೆಗೆಯಲಿಕ್ಕೆ, ದಿನದಿನದ ಬಳಕೆಗಲ್ಲ. ಮನೆಗೆ ಸಿಗ್ನಲ್ ಬೇಕಾದರೆ ಹೊರ ಆಂಟೆನಾದ ಪೋರ್ಟ್ ಇರುವ 4ಜಿ ರೂಟರ್ ಕೊಂಡು, ಆಂಟೆನಾವನ್ನು ಟವರಿನ ಕಡೆ ಮುಖ ಮಾಡಿ ಎತ್ತರದಲ್ಲಿ ಕಟ್ಟಿ, ವೈಫೈ ಕಾಲಿಂಗ್ ಬಳಸುವುದು ಮೇಲು. ಮೊಬೈಲ್ ಬೂಸ್ಟರುಗಳನ್ನು ಅನುಮತಿಯಿಲ್ಲದೆ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಒಬ್ಬರ ಬೂಸ್ಟರಿನಿಂದ ಸುತ್ತಲಿನವರ ಕರೆಗಳೂ ಕೆಡುತ್ತವೆ.

ಟವರುಗಳ ಕೊರತೆಯಂತೂ ದೇಶದ ಎಷ್ಟೋ ಕಡೆ ನಿಜ. ಮೊಬೈಲ್ ಸೇವೆ ಮುಟ್ಟದ 24,680 ಹಳ್ಳಿಗಳಿಗೆ 4ಜಿ ಒದಗಿಸಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ಆದರೆ ಟವರ್ ಎದ್ದ ಮೇಲೂ, ಅದರಿಂದ ದೂರವಿದ್ದಾಗ ಕೆಟ್ಟ ಕನೆಕ್ಟರಿನ ಫೋನು ಮಾತಾಡದೆ ಇರಬಹುದು.

ಆದ್ದರಿಂದ ರೇಂಜ್ ಹೋದಾಗ ಮೊದಲು ನಿಮ್ಮ ಸಿಮ್ಮನ್ನು ಇನ್ನೊಬ್ಬರ ಫೋನಿಗೆ ಹಾಕಿ ನೋಡಿ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗಿನ ಸಿಮ್ ಸ್ಟೇಟಸ್‌ನಲ್ಲಿ ಡಿಬಿಎಂ ಅಂಕಿ ಸಿಗುತ್ತದೆ. ಒಂದೇ ಜಾಗದಲ್ಲಿ, ಒಂದೇ ಸಿಮ್ಮಿನಲ್ಲಿ, 4ಜಿಯಲ್ಲೇ ಇಟ್ಟು ಎರಡೂ ಫೋನುಗಳ ಅಂಕಿ ಹೋಲಿಸಿ. ಕೆಲವು ಸಲ ನೋಡಿದರೂ ನಿಮ್ಮ ಫೋನು ಹತ್ತು ಹನ್ನೆರಡು ಡಿಬಿ ಹಿಂದೆಯೇ ಉಳಿದರೆ ರಿಪೇರಿ ಅಂಗಡಿಗೆ ಹೋಗಿ, ಹೊಸ ಬೋರ್ಡಿನ ಮಾತು ಎತ್ತುವ ಮೊದಲು ಆಂಟೆನಾ ದಾರಿ ಮತ್ತು ಕನೆಕ್ಟರನ್ನು ಪರೀಕ್ಷಿಸಲು ಹೇಳಿ.