ಘಾಟಿ ಹತ್ತುವ ಕಾರಿಗೆ ಬಾಟಲಿಯ ಮದ್ದು ಬೇಕೆ?

ಏಪ್ರಿಲ್ ತಿಂಗಳಲ್ಲಿ ಶಾಲೆಗೆ ರಜೆ ಸಿಕ್ಕಿತೆಂದರೆ ನಮ್ಮ ಕಡೆಯ ಕಾರುಗಳಿಗೆ ಕೆಲಸ ಶುರು. ಬಂಟ್ವಾಳದವರು ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮುಂದೆ ಹೋಗುತ್ತಾರೆ. ಮೂಡುಬಿದಿರೆಯವರಿಗೆ ಕಾರ್ಕಳ, ಬಜಗೋಳಿ ದಾರಿಯಾಗಿ ಕುದುರೆಮುಖವೋ ಶೃಂಗೇರಿಯೋ ಹತ್ತಿರ. ಎಲ್ಲಿಗೆ ಹೋದರೂ ಏರುದಾರಿ ತಪ್ಪದು. ಸುಡುಬಿಸಿಲು, ಕಾರಿನೊಳಗೆ ಐದಾರು ಮಂದಿ, ಡಿಕ್ಕಿ ತುಂಬ ಸಾಮಾನು, ಮೇಲಿಂದ ಎ.ಸಿ. ಬೇರೆ. ತಿರುವಿನಲ್ಲಿ ಬೊನೆಟ್ ಎತ್ತಿಕೊಂಡು ಹಬೆ ಬಿಡುತ್ತಾ ನಿಂತ ಒಂದು ಕಾರು ಕಣ್ಣಿಗೆ ಬಿದ್ದರೆ ಸಾಕು, ನಮ್ಮ ಕಾರಿನ ಸೂಜಿ ಎಲ್ಲಿದೆ ಎಂದು ಎಲ್ಲರೂ ಬಗ್ಗಿ ನೋಡುತ್ತಾರೆ.

ಈ ಹೆದರಿಕೆಗೆಂದೇ ಬಿಡಿಭಾಗಗಳ ಅಂಗಡಿಯಲ್ಲಿ ಒಂದು ಸಣ್ಣ ಬಾಟಲಿ ಸಿಗುತ್ತದೆ. ರೇಡಿಯೇಟರಿನ ನೀರಿಗೆ ಇದನ್ನು ಸುರಿದರೆ ಇಂಜಿನ್ ಇಷ್ಟು ಡಿಗ್ರಿ ತಂಪಾಗುತ್ತದೆ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ನಾವು ದಿನನಿತ್ಯ ಹಾಕುವ ಹಸಿರು ಅಥವಾ ಗುಲಾಬಿ ಬಣ್ಣದ ಕೂಲೆಂಟ್ ಬೇರೆ, ಇದು ಬೇರೆ. ಇದು ಕೂಲೆಂಟಿಗೆ ಸೇರಿಸುವ ಒಗ್ಗರಣೆ ಇದ್ದಂತೆ. ಬರೆದದ್ದು ಪೂರಾ ಸುಳ್ಳಲ್ಲ. ಆದರೆ ಅದು ಯಾವಾಗ ನಿಜ ಎನ್ನುವುದನ್ನು ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವುದಿಲ್ಲ.

ಮೊದಲು ನೂರು ರೂಪಾಯಿ ಪೆಟ್ರೋಲಿನ ಜಮಾ-ಖರ್ಚು ನೋಡೋಣ. ಅದರಲ್ಲಿ ಕಾರನ್ನು ಮುಂದೆ ತಳ್ಳಲು ಸಲ್ಲುವುದು ಸುಮಾರು 25ರಿಂದ 30 ರೂಪಾಯಿಯಷ್ಟು. ಇನ್ನು 30 ರೂಪಾಯಿಯಷ್ಟು ಶಾಖವಾಗಿ ಇಂಜಿನ್ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಉಳಿದದ್ದರ ಬಹುಪಾಲು ಸೈಲೆನ್ಸರ್ ಕೊಳವೆಯಿಂದ ಹೊಗೆಯ ಜೊತೆ ಹೊರಗೆ. ಸಿಲಿಂಡರಿನೊಳಗೆ ಪೆಟ್ರೋಲ್ ಉರಿಯುವ ಕ್ಷಣದಲ್ಲಿ ಅಲ್ಲಿಯ ಅನಿಲದ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಈಗಿನ ಹೆಚ್ಚಿನ ಕಾರುಗಳಲ್ಲಿ ಇಂಜಿನ್ನಿನ ತಲೆಭಾಗ ಅಲ್ಯೂಮಿನಿಯಮ್ಮಿನದ್ದೇ. ಅದು ಕರಗದೆ ಉಳಿಯುವುದು ಹಿಂದೆ ಹರಿಯುವ ಆ ಕೆಲವು ಲೀಟರ್ ನೀರಿನ ದಯೆಯಿಂದ.

ಹಾಗಾದರೆ ಶಾಖ ಹೊರುವುದರಲ್ಲಿ ಯಾವ ದ್ರವ ಗಟ್ಟಿ? ಹೆಚ್ಚಿನವರು ಕೂಲೆಂಟ್ ಎನ್ನುತ್ತಾರೆ. ಉತ್ತರ ಬರೀ ನೀರು! ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಕಿಲೋಜೂಲ್ ಶಾಖ ಬೇಕು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವಕ್ಕೆ ಸುಮಾರು 2.4 ಸಾಕು. ಎರಡನ್ನೂ ಅರ್ಧರ್ಧ ಬೆರೆಸಿದರೆ 3.4ರ ಆಸುಪಾಸು. ಅಂದರೆ ನೀರು ನೂರು ಚೀಲ ಹೊರುವಲ್ಲಿ ಬೆರಕೆ ದ್ರವ ಎಂಬತ್ತು ಚೀಲ ಹೊರುತ್ತದೆ.

ಮತ್ತೆ ಕೂಲೆಂಟ್ ಯಾಕೆ? ಚಳಿದೇಶಗಳಲ್ಲಿ ನೀರು ಮಂಜುಗಡ್ಡೆಯಾಗಿ ಉಬ್ಬಿ ಇಂಜಿನ್ ಒಡೆಯದಿರಲಿ ಎಂದು ಗ್ಲೈಕಾಲ್ ಹಾಕುತ್ತಾರೆ. ಅರ್ಧರ್ಧ ಬೆರಕೆ ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು. ನಮ್ಮ ಬಂಟ್ವಾಳಕ್ಕೆ ಆ ಚಿಂತೆ ಇಲ್ಲ, ಇಲ್ಲಿ ಧನುರ್ಮಾಸದಲ್ಲೂ ಫ್ಯಾನ್ ತಿರುಗಬೇಕು. ನಮಗೆ ಬೇಕಾದ ಲಾಭಗಳು ಬೇರೆ. ಒಂದು, ಬೆರಕೆ ದ್ರವ ಕುದಿಯಲು ನೀರಿಗಿಂತ ಆರೇಳು ಡಿಗ್ರಿ ಹೆಚ್ಚು ಬಿಸಿ ಬೇಕು. ಇನ್ನೊಂದು, ಇದೇ ಮುಖ್ಯವಾದದ್ದು, ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಬರೀ ಬಾವಿ ನೀರು ಹಾಕಿ ಓಡಿಸಿದರೆ ಅಲ್ಯೂಮಿನಿಯಂ ಸವೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಘಟ್ಟದ ಮೇಲಿನ ಗಡಸು ಬೋರ್‌ವೆಲ್ ನೀರಾದರೆ ಸ್ನಾನದ ಹಂಡೆಯ ಒಳಗೆ ಕಟ್ಟುವಂಥದೇ ಸುಣ್ಣದ ಪೊರೆ ರೇಡಿಯೇಟರಿನ ಸಪೂರ ಕೊಳವೆಗಳಲ್ಲಿ ಕಟ್ಟುತ್ತದೆ. ಆ ಪೊರೆ ಶಾಖವನ್ನು ಹೊರಗೆ ಬಿಡುವುದಿಲ್ಲ.

ಈಗ ಆ ಸಣ್ಣ ಬಾಟಲಿಗೆ ಬರೋಣ. ಅದರ ಗುಟ್ಟು ತಿಳಿಯಲು ಮಕ್ಕಳು ಒಂದು ಆಟ ಆಡಬಹುದು. ಪತ್ರೊಡೆಗೆ ತಂದ ಕೆಸುವಿನ ಎಲೆಯ ಮೇಲೆ ಒಂದು ಹನಿ ನೀರು ಬಿಡಿ. ಮುತ್ತಿನ ಹಾಗೆ ಉರುಟಾಗಿ ನಿಂತು, ಎಲೆ ಅಲುಗಿದರೆ ಉರುಳಿ ಹೋಗುತ್ತದೆ, ಎಲೆ ಒದ್ದೆಯಾಗುವುದೇ ಇಲ್ಲ. ಈಗ ಆ ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ನಾಲ್ಕು ಹನಿ ಅಥವಾ ಅಂಟುವಾಳದ ನೊರೆ ಸೇರಿಸಿ ಮತ್ತೆ ಬಿಡಿ. ಹನಿ ಚಪ್ಪಟೆಯಾಗಿ ಎಲೆಗೆ ಹಿಡಿದುಕೊಳ್ಳುತ್ತದೆ. ನೀರಿನ ಮೇಲ್ಮೈ ಬಿಗಿತವನ್ನು ಸಾಬೂನು ಸಡಿಲಿಸಿತು. ಅಡಿಕೆ ತೋಟದವರಿಗೆ ಇದು ಹೊಸತಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಅದು ಗೊನೆಗೆ ಚೆನ್ನಾಗಿ ಹರಡಿ ಹಿಡಿಯಲೆಂದು ಅಂಟಿನ ದ್ರಾವಣ ಸೇರಿಸುತ್ತಾರಲ್ಲ, ಹಾಗೆ.

ಇಂಜಿನ್ನಿನ ತಲೆಯಲ್ಲಿ ಕೆಲವು ಜಾಗಗಳು ಉಳಿದ ಕಡೆಗಿಂತ ವಿಪರೀತ ಬಿಸಿ. ಅಲ್ಲಿ ಲೋಹಕ್ಕೆ ತಾಗಿದ ನೀರು ಕುದಿದು ಗುಳ್ಳೆಯಾಗುತ್ತದೆ. ಗುಳ್ಳೆ ಬೇಗ ಬಿಟ್ಟು ಹೋದರೆ ಒಳ್ಳೆಯದು, ಶಾಖ ಹೊತ್ತುಕೊಂಡೇ ಹೋಗುತ್ತದೆ. ಅಂಟಿಕೊಂಡು ಕೂತರೆ ತೊಂದರೆ. ಚೆನ್ನಾಗಿ ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಹನಿಗಳು ಆವಿಯಾಗದೆ ಕುಣಿದಾಡುವುದನ್ನು ನೋಡಿದ್ದೀರಲ್ಲ? ಹನಿಯ ಕೆಳಗೆ ಆವಿಯ ಹಾಸಿಗೆ ಇರುವುದರಿಂದ ಕಾವಲಿಯ ಬಿಸಿ ಅದಕ್ಕೆ ತಟ್ಟುವುದಿಲ್ಲ. ಇಂಜಿನ್ ಒಳಗೂ ಗುಳ್ಳೆಗಳು ಸೇರಿ ಹಾಸಿಗೆಯಾದರೆ ಲೋಹದ ಬಿಸಿ ನೀರಿಗೆ ದಾಟದು. ಬಾಟಲಿಯ ಮದ್ದು ನೀರಿನ ಬಿಗಿತ ಇಳಿಸಿ ಅದು ಲೋಹಕ್ಕೆ ಚೆನ್ನಾಗಿ ತಾಗುವಂತೆ ಮಾಡುತ್ತದೆ. ತತ್ವ ಸರಿಯಾಗಿಯೇ ಉಂಟು.

ಇದರ ನಿಜವಾದ ಮನೆ ರೇಸಿನ ಮೈದಾನ. ಗ್ಲೈಕಾಲ್ ದಾರಿಗೆ ಚೆಲ್ಲಿದರೆ ಜಾರುತ್ತದೆ ಎಂದು ಅನೇಕ ರೇಸ್ ಟ್ರ್ಯಾಕ್‌ಗಳಲ್ಲಿ ಕೂಲೆಂಟನ್ನೇ ನಿಷೇಧಿಸಿದ್ದಾರೆ. ಅಲ್ಲಿಯವರು ಬರೀ ನೀರಿಗೆ ಈ ಮದ್ದು ಸೇರಿಸುತ್ತಾರೆ. ಬರೀ ನೀರಿನಲ್ಲಿ ಅದರ ಗುಣ ಹೆಚ್ಚು ಕಾಣುತ್ತದೆ. ಅರ್ಧ ಕೂಲೆಂಟ್ ಬೆರೆತ ನೀರಿನಲ್ಲಿ ಕಡಿಮೆ, ಯಾಕೆಂದರೆ ಗ್ಲೈಕಾಲ್ ಬೆರೆತಾಗಲೇ ನೀರಿನ ಬಿಗಿತ ಒಂದಿಷ್ಟು ಇಳಿದಿರುತ್ತದೆ.

ನಮ್ಮ ಮನೆಯ ಕಾರಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಮಾತು ಥರ್ಮೋಸ್ಟಾಟಿನದ್ದು. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕಾವಲುಗಾರನಂತೆ ಕೂತಿರುವ ಸಣ್ಣ ಬಾಗಿಲು ಅದು. ನೀರು ಸುಮಾರು 82ರಿಂದ 88 ಡಿಗ್ರಿ ಮುಟ್ಟುವವರೆಗೆ ಮುಚ್ಚಿಯೇ ಇರುತ್ತದೆ, ಆಮೇಲೆ ಒಳಗಿನ ಮೇಣ ಉಬ್ಬಿ ತೆರೆಯುತ್ತದೆ. ನೀರು ತಂಪಾದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಇಂಜಿನ್ ತೀರಾ ತಂಪಾಗಿರುವುದೂ ಅದಕ್ಕೆ ಒಳ್ಳೆಯದಲ್ಲ, ಎಣ್ಣೆ ಮಂದವಾಗಿ ಸವೆತ ಹೆಚ್ಚುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಆದ್ದರಿಂದ ಆರೋಗ್ಯವಾಗಿರುವ ಕಾರಿಗೆ ಯಾವ ಮದ್ದು ಸುರಿದರೂ ಥರ್ಮೋಸ್ಟಾಟ್ ತನ್ನ ಲೆಕ್ಕದ ಬಿಸಿಗೆ ತಂದು ನಿಲ್ಲಿಸುತ್ತದೆ. ಮದ್ದು ಹಾಕಿದ ಮರುದಿನ ‘ಸೂಜಿ ಇಳಿದಿದೆ’ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಈಗಿನ ಅನೇಕ ಕಾರುಗಳ ಸೂಜಿ 80 ಡಿಗ್ರಿಗೂ 100 ಡಿಗ್ರಿಗೂ ಒಂದೇ ಕಡೆ ನಿಲ್ಲುವಂತೆ ಕಂಪನಿಯವರೇ ಮಾಡಿರುತ್ತಾರೆ, ಗಿರಾಕಿ ಸುಮ್ಮನೆ ಗಾಬರಿಯಾಗಬಾರದಲ್ಲ! ಇನ್ನು ಕೆಲವಕ್ಕೆ ಸೂಜಿಯೇ ಇಲ್ಲ, ಬಿಸಿ ಮಿತಿಮೀರಿದರೆ ಕೆಂಪು ದೀಪ ಮಾತ್ರ. ನಿಜವಾದ ಅಂಕೆ ಬೇಕಾದರೆ ಸ್ಟೇರಿಂಗ್ ಕೆಳಗಿನ ಓಬಿಡಿ ಕಿಂಡಿಗೆ ಸಿಕ್ಕಿಸುವ ಸಣ್ಣ ಉಪಕರಣದಿಂದ ಮೊಬೈಲಿನಲ್ಲಿ ನೋಡಬಹುದು. ಅದರಲ್ಲೂ ಮೇ ತಿಂಗಳ ಮಧ್ಯಾಹ್ನದ ಚಾರ್ಮಾಡಿಯನ್ನು ಜೂನ್ ಮಳೆಯ ಚಾರ್ಮಾಡಿಗೆ ಹೋಲಿಸಿ ಮದ್ದಿಗೆ ಶಾಭಾಸ್ ಕೊಡಬಾರದು.

ಹಾಗಾದರೆ ಘಾಟಿಯಲ್ಲಿ ಕಾರು ಕುದಿಯುವುದು ಯಾಕೆ? ಏರಿನಲ್ಲಿ ಇಂಜಿನ್ನಿಗೆ ದುಡಿಮೆ ಹೆಚ್ಚು, ವೇಗ ಕಡಿಮೆ. ಎದುರುಗಾಳಿ ಇಲ್ಲದೆ ರೇಡಿಯೇಟರ್ ಫ್ಯಾನನ್ನೇ ನಂಬಬೇಕು. ಎ.ಸಿ.ಯ ಬಿಸಿ ಜಾಲರಿ ರೇಡಿಯೇಟರಿನ ಮುಂದೆಯೇ ಕೂತು ಗಾಳಿಯನ್ನು ಮೊದಲೇ ಕಾಯಿಸಿರುತ್ತದೆ. ಮೇಲ್ಸೇತುವೆ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಕಲ್ಲಡ್ಕದ ಸಾಲಿನಲ್ಲಿ ಸಿಕ್ಕಿಕೊಂಡವರಿಗೂ ಇದೇ ಕಷ್ಟ, ಅಲ್ಲಿ ಏರು ಇಲ್ಲದಿದ್ದರೂ ಗಾಳಿ ಇರಲಿಲ್ಲ. (ಕೆ.ಟಿ. ಕುಡಿಯಲು ಸಮಯ ಸಿಗುತ್ತಿತ್ತು ಎನ್ನುವುದೊಂದೇ ಸಮಾಧಾನ.) ಆದರೂ ಸರಿಯಾಗಿರುವ ಕಾರು ಇದನ್ನೆಲ್ಲ ತಾಳಿಕೊಳ್ಳುತ್ತದೆ. ತಾಳದಿದ್ದರೆ ಎಲ್ಲೋ ರೋಗವಿದೆ ಎಂದರ್ಥ. ಕೂಲೆಂಟ್ ಸೋರಿ ಕಡಿಮೆಯಾಗಿರಬಹುದು, ಫ್ಯಾನಿನ ಫ್ಯೂಸ್ ಹೋಗಿರಬಹುದು, ಥರ್ಮೋಸ್ಟಾಟ್ ಮುಚ್ಚಿಯೇ ಕಚ್ಚಿಕೊಂಡಿರಬಹುದು, ರೇಡಿಯೇಟರಿನ ಎಲೆಗಳ ನಡುವೆ ಕೆಸರು, ಹುಳಹುಪ್ಪಟೆ ತುಂಬಿರಬಹುದು, ಮುಚ್ಚಳದ ರಬ್ಬರ್ ಸತ್ತಿರಬಹುದು. ಇವುಗಳಲ್ಲಿ ಒಂದಕ್ಕೂ ಬಾಟಲಿಯ ಮದ್ದು ಔಷಧವಲ್ಲ. ಅದನ್ನು ಹಾಕಿಕೊಂಡು ಧೈರ್ಯವಾಗಿ ಹೊರಟವರ ಹೆಡ್ ಗ್ಯಾಸ್ಕೆಟ್ ಹೋದರೆ ಬಿಲ್ಲು ಸಾವಿರಗಳ ಲೆಕ್ಕದಲ್ಲಿ ಬರುತ್ತದೆ. ಅದೇ ದುಡ್ಡನ್ನು ಮ್ಯಾನುಯಲ್ಲಿನಲ್ಲಿ ಹೇಳಿದ ಅವಧಿಗೆ ಕೂಲೆಂಟ್ ಬದಲಿಸಲು ಹಾಕುವುದು ಲೇಸು. ಬಣ್ಣ ನೋಡಿ ಕೂಲೆಂಟ್ ಕೊಳ್ಳಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮವಿಲ್ಲ. ನೀರು ಬೆರೆಸಿಯೇ ಮಾರುವ ಡಬ್ಬಿಗೆ ಮತ್ತೆ ನೀರು ಬೆರೆಸಲೂ ಬೇಡಿ.

ಮುಚ್ಚಳದ ಮಾತು ಬಂದಿತಲ್ಲ, ಅದೊಂದು ಅಡುಗೆಮನೆಯ ಕುಕ್ಕರೇ ಸರಿ. ಕುಕ್ಕರಿನ ತೂಕ ಹಬೆಯನ್ನು ಒತ್ತಿ ಹಿಡಿದು ನೀರು 120 ಡಿಗ್ರಿಯವರೆಗೂ ಕುದಿಯದಂತೆ ಮಾಡುವ ಹಾಗೆ ರೇಡಿಯೇಟರಿನ ಮುಚ್ಚಳವೂ ಹೆಚ್ಚುಕಡಿಮೆ ಅಷ್ಟೇ ಒತ್ತಡ ಹಿಡಿಯುತ್ತದೆ. ವಿಸಿಲ್ ಕೂಗುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾರೂ ತೆಗೆಯುವುದಿಲ್ಲ. ಆದರೆ ಬಿಸಿ ಕಾರಿನ ಮುಚ್ಚಳಕ್ಕೆ ಬಟ್ಟೆ ಹಿಡಿದು ತಿರುಗಿಸುವವರಿದ್ದಾರೆ. ಒತ್ತಡ ತಪ್ಪಿದ ಕ್ಷಣ ನೀರು ಹಬೆಯಾಗಿ ಮುಖಕ್ಕೇ ಹಾರುತ್ತದೆ. ಸೂಜಿ ಏರತೊಡಗಿದರೆ ಎ.ಸಿ. ನಿಲ್ಲಿಸಿ, ಹೀಟರನ್ನು ಪೂರ್ತಿ ತೆರೆಯಿರಿ. ಸೆಕೆ ಹೌದು, ಆದರೆ ಅದು ಇಂಜಿನ್ನಿನ ಶಾಖವನ್ನೇ ಒಳಕ್ಕೆ ಎಳೆದು ಅದನ್ನು ಉಳಿಸುತ್ತದೆ. ಕೆಂಪು ದೀಪ ಬಂದರೆ ಅಥವಾ ಹಬೆ ಕಂಡರೆ ತಿರುವು ಬಿಟ್ಟು ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಮಕ್ಕಳನ್ನು ದೂರ ಕರೆದುಕೊಂಡು ಹೋಗಿ. ಅರ್ಧ ಗಂಟೆಗಿಂತ ಮೊದಲು ಮುಚ್ಚಳ ಮುಟ್ಟಬಾರದು. ಕಾದ ಇಂಜಿನ್ನಿಗೆ ಘಾಟಿಯ ತೊರೆಯ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

ಧರ್ಮಸ್ಥಳಕ್ಕೆ ಹೋದಾಗ ಮಕ್ಕಳಿಗೆ ಅಲ್ಲಿಯ ಹಳೆಯ ಕಾರುಗಳ ಸಂಗ್ರಹ ತೋರಿಸಿ. ಆ ಕಾಲದ ಕಾರುಗಳ ಮೂತಿಯೇ ರೇಡಿಯೇಟರ್. ಜೇನುಗೂಡಿನಂಥ ರೇಡಿಯೇಟರನ್ನು ರೂಪಿಸಿದವರು ಜರ್ಮನಿಯ ವಿಲ್ಹೆಲ್ಮ್ ಮೇಬಾಕ್, 1901ರ ಮರ್ಸಿಡಿಸ್ ಕಾರಿಗಾಗಿ. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಟಿ ಮಾಡೆಲ್ಲಿನ ಹೆಚ್ಚಿನ ಕಾರುಗಳಿಗೆ ನೀರಿನ ಪಂಪೇ ಇರಲಿಲ್ಲ. ಬಿಸಿನೀರು ತಾನಾಗಿ ಮೇಲೇರಿ, ತಣಿದು, ಕೆಳಗಿಳಿದು ಸುತ್ತುತ್ತಿತ್ತು. ಆಗ ಬಿಸಿ ಅಳೆಯುವ ಗುಂಡನೆಯ ಮಾಪಕವನ್ನು ರೇಡಿಯೇಟರ್ ಮುಚ್ಚಳದ ಮೇಲೆಯೇ ಕೂರಿಸುತ್ತಿದ್ದರು, ಚಾಲಕ ಗಾಜಿನಾಚೆ ನೋಡಿ ತಿಳಿದುಕೊಳ್ಳಬೇಕಿತ್ತು.

ಕೊನೆಗೆ ಮನೆಯವರು ಗಮನಿಸಲೇಬೇಕಾದ ಒಂದು ವಿಷಯ. ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ, ಬಣ್ಣ ಶರಬತ್ತಿನದ್ದು. ಉಳಿದ ಕೂಲೆಂಟನ್ನು ತಂಪುಪಾನೀಯದ ಖಾಲಿ ಬಾಟಲಿಗೆ ತುಂಬಿ ಜಗಲಿಯ ಮೂಲೆಯಲ್ಲಿಡುವ ಅಭ್ಯಾಸ ನಮ್ಮಲ್ಲಿದೆ, ಅದನ್ನು ಇಂದೇ ಬಿಡಬೇಕು. ಕುಡಿದವರಿಗೆ ಮೊದಲು ಅಮಲಿನ ಹಾಗೆ ತೂರಾಟ, ವಾಂತಿ ಕಾಣಿಸಿ, ಆಮೇಲೆ ಮೂತ್ರಪಿಂಡ ಕೆಡುತ್ತದೆ. ನಡುವೆ ಸ್ವಲ್ಪ ಸುಧಾರಿಸಿದಂತೆ ಕಂಡರೂ ನಂಬಬಾರದು. ಮಗು ಒಂದು ಗುಟುಕು ಕುಡಿದಿದೆ ಎಂಬ ಸಂಶಯ ಬಂದರೂ ವಾಂತಿ ಮಾಡಿಸುತ್ತಾ ಕೂರದೆ, ಡಬ್ಬಿಯನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಓಡಬೇಕು. ಬೇಗ ಹೋದರೆ ಚಿಕಿತ್ಸೆ ಇದೆ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕುತ್ತವೆ, ಆದ್ದರಿಂದ ಕೂಡಲೇ ಬಟ್ಟೆಯಲ್ಲಿ ಒರೆಸಿ ತೆಗೆದು ಆಮೇಲೆ ಧಾರಾಳ ನೀರು ಹಾಕಿ ತೊಳೆಯಿರಿ. ಬಾವಿಕಟ್ಟೆಯ ಹತ್ತಿರ ಮಾತ್ರ ಆ ಕೆಲಸ ಬೇಡ.