ಓದಿಸಿದ್ದು ಸಾಕು, ಬಿಡಿಸಲು ಕೂರಿಸಿ

ಸವದತ್ತಿ ಗುಡ್ಡಕ್ಕೆ ಬನದ ಹುಣ್ಣಿಮೆಯ ಚಕ್ಕಡಿಗಳು ಹೊರಡುವ ಹೊತ್ತಿಗೇ ಐದನೇ ತರಗತಿ ಮಕ್ಕಳ ಮನೆಗಳಲ್ಲಿ ನವೋದಯ, ಸೈನಿಕ ಶಾಲೆ, ಮೊರಾರ್ಜಿ ಪರೀಕ್ಷೆಗಳ ಗಡಿಬಿಡಿ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಪಾಲಕರ ಬಾಯಲ್ಲಿ ಕೆಲವು ಮಾತು ಖಾಯಂ.

“ಎಲ್ಲಾದಕ್ಕೂ ಒಂದ ಗೈಡ್ ಸಾಕ್ರಿ.”

ಸಾಲದು. ಹೆಸರಿನಲ್ಲೇ ಗೊಂದಲವಿದೆ ನೋಡಿ. ಕಿತ್ತೂರಿನಲ್ಲಿ 1969ರಲ್ಲಿ ಆರಂಭವಾದ ರಾಣಿ ಚನ್ನಮ್ಮ ಬಾಲಕಿಯರ ಸೈನಿಕ ವಸತಿ ಶಾಲೆ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ರಾಜ್ಯದ ತುಂಬ ಇರುವ ಸರ್ಕಾರಿ ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳೇ ಬೇರೆ. ಅವಕ್ಕೂ ಮೊರಾರ್ಜಿ ಶಾಲೆಗಳಿಗೂ ಸೇರಿ ಒಂದೇ ಪರೀಕ್ಷೆ. ಅಖಿಲ ಭಾರತ ಸೈನಿಕ ಶಾಲಾ ಪರೀಕ್ಷೆಯ 300 ಅಂಕಗಳಲ್ಲಿ 150 ಗಣಿತದ್ದು. ನವೋದಯದಲ್ಲಿ 100ಕ್ಕೆ 25 ಮಾತ್ರ. ಮೊದಲು ಯಾವ ಪರೀಕ್ಷೆ ಎಂದು ಗೊತ್ತುಮಾಡಿಕೊಂಡು ಆಮೇಲೆ ಪುಸ್ತಕದಂಗಡಿಗೆ ಹೋಗಿ.

“ಕನ್ನಡ ಶಾಲಿ ಹುಡುಗರಿಗೆ ಆಗೂದಲ್ಲ ಇದು.”

ನನಗೆ ಅತಿ ಬೇಸರ ತರಿಸುವ ಮಾತಿದು. ಆರನೇ ತರಗತಿ ಪ್ರವೇಶಕ್ಕೆ ನವೋದಯ, ಅಖಿಲ ಭಾರತ ಸೈನಿಕ ಶಾಲೆ ಎರಡರ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಸಿಗುತ್ತದೆ. ನವೋದಯದಲ್ಲಿ ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೇ ಮೀಸಲು. ಮೇಲಾಗಿ ಅದರ ಅರ್ಧ ಅಂಕ, ಅಂದರೆ 50, ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗಳದ್ದು. ಅವೆಲ್ಲ ಬರೀ ಚಿತ್ರಗಳು. ಕನ್ನಡಿಯೊಳಗಿನ ಬಿಂಬ, ಮಡಚಿ ತೂತು ಮಾಡಿದ ಹಾಳೆ, ಆಕೃತಿಯೊಳಗೆ ಅಡಗಿದ ಆಕೃತಿ. ಇವನ್ನು ಬಾಯಿಪಾಠ ಮಾಡಲಾಗದು. ಹಳೆ ನೋಟುಬುಕ್ಕಿನ ಹಾಳೆ ಮಡಚಿ, ಕತ್ತರಿಯಿಂದ ತೂತು ಮಾಡಿ, ಬಿಚ್ಚುವ ಮುನ್ನ “ತೂತು ಎಲ್ಲೆಲ್ಲಿ ಬರ್ತಾವು?” ಎಂದು ಕೇಳಿ. ಅಕ್ಷರ ಬಾರದ ಅಜ್ಜಿಯೂ ಇದನ್ನು ಕಲಿಸಬಲ್ಲಳು.

“ಇನ್ನೊಮ್ಮೆ ಓದು, ತಲಿಗೆ ಹತ್ತತೈತಿ.”

ಹತ್ತಿದಂತೆ ಅನಿಸುತ್ತದೆ, ಅಷ್ಟೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಮುಂದಿದ್ದವರು, ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆದಿದ್ದವರು. ಆದ್ದರಿಂದ ದಿನಕ್ಕೆ ಹತ್ತು ಲೆಕ್ಕ ಕೊಡಿ, ಗಡಿಯಾರ ಇಡಿ. ತಪ್ಪಿದ ಲೆಕ್ಕಗಳಿಗೆ ಬೇರೆ ನೋಟುಬುಕ್ಕು ಮಾಡಿ ಎರಡು ದಿನ ಬಿಟ್ಟು ಅವನ್ನೇ ಮತ್ತೆ ಕೊಡಿ. ಪ್ರಶ್ನೆ ತಪ್ಪಾಗಿ ಓದಿದ್ದೋ, ಮಗ್ಗಿ ತಪ್ಪಿದ್ದೋ, ಭಿನ್ನರಾಶಿಯೇ ತಿಳಿದಿಲ್ಲವೋ? ಕೋಚಿಂಗ್‌ನಲ್ಲಿ ನೂರು ಮಕ್ಕಳ ನಡುವೆ ಇದನ್ನು ನೋಡುವವರು ಯಾರು?

“ಗೊತ್ತಿಲ್ಲದ್ದು ಬಿಟ್ಟಬಿಡು, ಮಾರ್ಕ್ಸ್ ಕಳೀತಾರ.”

ನವೋದಯದಲ್ಲಿ ಕಳೆಯುವುದಿಲ್ಲ, ಅಖಿಲ ಭಾರತ ಸೈನಿಕ ಶಾಲಾ ಪರೀಕ್ಷೆಯಲ್ಲೂ ಇಲ್ಲ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಓಎಂಆರ್ ಹಾಳೆಯ ಮೇಲೆ ಪೆನ್ನಿನಿಂದ ವೃತ್ತ ತುಂಬುವುದನ್ನೂ ಮನೆಯಲ್ಲೇ ರೂಢಿ ಮಾಡಿಸಿ.

“ಈ ಸಲ ಆಗ್ಲಿಲ್ಲಂದ್ರ ಮುಂದಿನ ವರ್ಷ.”

ಆರನೇ ತರಗತಿಯ ನವೋದಯ ಪರೀಕ್ಷೆ ಬರೆಯಲು ಒಂದೇ ಅವಕಾಶ. ಕೈತಪ್ಪಿದರೆ, ಒಂಬತ್ತನೇ ತರಗತಿಯಲ್ಲಿ ಖಾಲಿ ಉಳಿದ ಸೀಟುಗಳಿಗೆ ಎಂಟರಲ್ಲಿದ್ದಾಗ ಬರೆಯುವ ಬೇರೆ ಪರೀಕ್ಷೆಯಿದೆ. ಅದರಲ್ಲಿ ಗಣಿತ, ವಿಜ್ಞಾನದ ಜೊತೆಗೆ ಇಂಗ್ಲಿಷ್, ಹಿಂದಿಯೂ ಇರುವುದರಿಂದ ಆ ಎರಡು ಭಾಷೆಗಳ ತಯಾರಿ ಆರನೇ ತರಗತಿಯಲ್ಲೇ ಶುರುವಾಗಬೇಕು.